ಕುತ್ತಿಗೆ ಸಾಕೋ, ಇಡೀ ಮೈ ಬೇಕೋ

ಮೊಮ್ಮಗಳು ಗೆದ್ದದ್ದನ್ನು ದೇವಸ್ಥಾನದಲ್ಲಿ ಹೇಳಿದ್ದಾಯಿತು, ಅಂಗಡಿಯಲ್ಲಿ ಕೊತ್ತಂಬರಿ ಆರಿಸುತ್ತಿದ್ದವರಿಗೂ ಹೇಳಿದ್ದಾಯಿತು. ಇನ್ನು ಬರೆದೇ ಬಿಡುತ್ತೇನೆ. ನಾನು ಓದಿದ್ದು ಮೂರನೆಯ ಇಯತ್ತೆ. ಅಕ್ಷರ ಸೊಟ್ಟಗಿದ್ದರೆ ಇರಲಿ, ಸಂತೋಷ ಸೊಟ್ಟಗಿಲ್ಲ.

ತೊಂಬತ್ತರ ದಶಕದ ಒಂದು ಏಪ್ರಿಲ್. ಅಮೆರಿಕದ ಲಾರೆನ್ಸ್‌ವಿಲ್‌ನಲ್ಲಿ ಡಾಕ್ಟರಾಗಿದ್ದ ಮಗಳ ಮನೆಯಲ್ಲಿದ್ದೆ. ಕಾಲೇಜು ಓದುತ್ತಿದ್ದ ಮೊಮ್ಮಗಳಿಗೆ ರೈಫಲ್ ಹಿಡಿದು ಕಾಗದದ ಗುರಿಗೆ ಹೊಡೆಯುವ ಆಟದ ಹುಚ್ಚು. ಹೊಡೆದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ತೋಟಾಗಳನ್ನು ಅವಳು ಎಸೆಯುತ್ತಿರಲಿಲ್ಲ. ಗ್ಯಾರೇಜಿನಲ್ಲಿದ್ದ ಕೈಯಂತ್ರದಲ್ಲಿ ಒತ್ತಿ ತಿದ್ದಿ, ಮದ್ದು ಗುಂಡು ತುಂಬಿ ಮತ್ತೆ ಬಳಸುತ್ತಿದ್ದಳು. ಆ ಶನಿವಾರದ ಪಂದ್ಯದಲ್ಲಿ ಮೊದಲು ಬಂದವರಿಗೆ ಕ್ಲಬ್ಬಿನ ತಂಡದಲ್ಲಿ ಖಾಲಿಯಿದ್ದ ಒಂದೇ ಜಾಗ. ಹಿಂದಿನ ವರ್ಷ ಅದು ಅವಳಿಗೆ ಕೂದಲೆಳೆಯಲ್ಲಿ ತಪ್ಪಿತ್ತು.

ತೋಟಾ ತಿದ್ದಲು ಎರಡು ದಾರಿ. ಹೊಡೆದಾಗ ಹಿತ್ತಾಳೆ ಉಬ್ಬಿ, ಆ ರೈಫಲ್ಲಿನ ಒಳಗೂಡಿನ ಆಕಾರವನ್ನೇ ಪಡೆಯುತ್ತದೆ. ಗುಂಡು ಕೂರುವ ಕುತ್ತಿಗೆಯನ್ನಷ್ಟೇ ಒತ್ತಿ ಬಿಗಿ ಮಾಡುವುದು ಒಂದು. ಕುತ್ತಿಗೆಯಿಂದ ಬುಡದವರೆಗೂ ಅಚ್ಚಿನಲ್ಲಿ ಒತ್ತಿ ಹೊಸದರ ಅಳತೆಗೆ ತರುವುದು ಇನ್ನೊಂದು. ಮೊಮ್ಮಗಳು ಕುತ್ತಿಗೆಯ ಪಕ್ಷ. ಅವಳಿಗೆ ಆಟ ಕಲಿಸಿದ ಪಕ್ಕದ ಮನೆಯ ಬಿಳಿಗಡ್ಡದ ಮುದುಕ ಇಡೀ ಮೈಯ ಪಕ್ಷ. ಬೇಲಿಯ ಆಚೆ ಈಚೆ ನಿಂತು ದಿನವೂ ಜಗಳ.

“ಅಜ್ಜಿ, ನೀನೇ ಹೇಳು. ನನ್ನ ಬ್ರಾಸ್ ನನ್ನ ರೈಫಲ್‌ಗೆ ಪರ್ಫೆಕ್ಟ್ ಫಿಟ್ ಇದೆ. ಯಾಕೆ ಚೇಂಜ್ ಮಾಡ್ಬೇಕು?”

“ಮೈಗೆ ಕುಂತ ಕುಬಸಾ ಯಾಕ ಬಿಚ್ಚಿ ಹೊಲೀಬೇಕವಾ?” ಎಂದು ನಾನೂ ಅವಳ ಪಕ್ಷ ಸೇರಿದೆ.

ಕೆಡಿಸಿದವಳೂ ನಾನೇ. ಬುಧವಾರ ಗ್ಯಾರೇಜಿನಲ್ಲಿ ಎರಡು ಡಬ್ಬಿ ತುಂಬ ಮಸಿ ಹಿಡಿದ ತೋಟಾ ಕಂಡವು. ಕಪ್ಪಾದ ಹಿತ್ತಾಳೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಹುಣಸೆಹಣ್ಣು ನೆನೆಸಿ, ಎರಡು ಡಬ್ಬಿಯನ್ನೂ ಒಂದೇ ಬುಟ್ಟಿಗೆ ಸುರಿದು, ದೇವರ ಸಾಮಾನಿನಂತೆ ತಿಕ್ಕಿ ತೊಳೆದೆ. ಡೆಕ್ಕಿನ ಮೇಲೆ ಹಳೆಯ ಬೆಡ್‌ಶೀಟು ಹಾಸಿ ಸಂಡಿಗೆಯಂತೆ ಒಣಗಲು ಹರವಿದೆ. ಪೈನ್ ಮರದ ಹಳದಿ ಪುಡಿ ಉದುರಿತೆಂದು ಇನ್ನೊಮ್ಮೆ ತೊಳೆದೆ. ಬಂಗಾರ, ಬಂಗಾರದಂತೆ ಹೊಳೆದವು!

ಮರುದಿನ ಮಧ್ಯಾಹ್ನ ಮೊಮ್ಮಗಳು ಎಲ್ಲದರ ಕುತ್ತಿಗೆ ಒತ್ತಿ, ಮದ್ದು ತುಂಬುವ ಮೊದಲು ಒಂದೊಂದನ್ನೇ ರೈಫಲ್ಲಿಗೆ ಹಾಕಿ ನೋಡಿದಳು. ಮೊದಲನೆಯದಕ್ಕೆ, ತೋಟಾ ಒಳಹಾಕಿ ಮುಚ್ಚುವ ಚಿಲಕ ಸಲೀಸಾಗಿ ಬಿತ್ತು. ಮುಂದಿನ ಮೂರಕ್ಕೆ ಜಪ್ಪಯ್ಯ ಅಂದರೂ ಬೀಳಲಿಲ್ಲ.

“ಅಜ್ಜಿ... ಎರಡೂ ಬಾಕ್ಸ್ ಮಿಕ್ಸ್ ಮಾಡಿದ್ಯಾ?”

“ಎರಡೂ ಹಿತ್ತಾಳಿನ ಅಲ್ಲೇನವಾ?”

“ಒಂದು ಪಕ್ಕದ್ಮನೆ ಅಂಕಲ್‌ದು, ಇಲ್ಲಿಟ್ಟಿದ್ರು! ಅವರ ರೈಫಲ್‌ನಲ್ಲಿ ಉಬ್ಬಿರೋದು!”

ಅವಳು ನೆಲದ ಮೇಲೆ ಕುಳಿತು ಅತ್ತಳು. ಅರವತ್ತು ಬೇಕಿತ್ತು, ಹದಿನೆಂಟಕ್ಕೆ ಮಾತ್ರ ಚಿಲಕ ಬಿದ್ದಿತ್ತು. ಅವಳವೇ ಕೆಲವು ಕೂಡ ಮತ್ತೆ ಮತ್ತೆ ಹೊಡೆದು ಉಬ್ಬಿ, ಬಿಗಿಯಾಗಿಬಿಟ್ಟಿದ್ದವು.

ಸೆರಗು ಸಿಕ್ಕಿಸಿಕೊಂಡು ಬೇಲಿಯ ಹತ್ತಿರ ಹೋಗಿ ಕೈಸನ್ನೆ ಮಾಡಿ ಮುದುಕನನ್ನು ಕರೆತಂದೆ. ಅವನು ಒಂದು ತೋಟಾ ಎತ್ತಿ ಮೂಸಿ ನೋಡಿದ, ಗಡ್ಡ ಅಲುಗುವಂತೆ ನಕ್ಕ. ಆಮೇಲೆ ಮನೆಗೆ ಹೋಗಿ ತನ್ನ ಅಚ್ಚು ತಂದು ಮೇಜಿನ ಮೇಲೆ ಇಟ್ಟ.

“ಫುಲ್ ಲೆಂತ್, ಮೇಡಮ್!” ಎಂದ, ನನ್ನನ್ನು ನೋಡಿ; ಇಡೀ ಮೈ ಎಂದರ್ಥ. ಚುಚ್ಚಿದ್ದು ಅವಳಿಗೆ.

“ಬೇಡ ಅಜ್ಜಿ, ಅಕ್ಯುರಸಿ ಹೋಗುತ್ತೆ. ನಾನು ಸೋಲ್ತೀನಿ.”

“ಒಳಗ ಹೋಗದ ತೋಟಾ ಯಾವ ಗುರಿ ಹೊಡೀತದ? ಏಳು, ಒತ್ತು!”

ಇಡೀ ಮೈ ಒತ್ತುವಾಗ ಜಿಡ್ಡು ಸವರಬೇಕು, ಇಲ್ಲದಿದ್ದರೆ ತೋಟಾ ಅಚ್ಚಿನಲ್ಲೇ ಕಚ್ಚಿಕೊಳ್ಳುತ್ತದೆ. ಅವಸರದಲ್ಲಿ ಅವಳು ಧಾರಾಳವಾಗಿ ಬಳಿದಳು; ಮೊದಲನೆಯದರ ಹೆಗಲ ಮೇಲೆ ತಗ್ಗು ಬಿತ್ತು. “ಸರಿ ಆಕಡೆ,” ಎಂದೆ. ಹೋಳಿಗೆ ತಟ್ಟುವ ಎಲೆಗೆ ಎಷ್ಟು ಸವರುತ್ತೇವೋ ಅಷ್ಟೇ, ಬೆರಳ ತುದಿಯಲ್ಲಿ. ನಾನು ಸವರಿದೆ, ಅವಳು ಒತ್ತಿದಳು, ಮುದುಕ ಒರೆಸಿ ಅವಳ ರೈಫಲ್ಲಿಗೆ ಹಾಕಿ ನೋಡಿದ. ಚಿಲಕ ಬಿತ್ತು. ಮತ್ತೆ ಬಿತ್ತು. ಅರವತ್ತಕ್ಕೂ ಬಿತ್ತು! ಶುಕ್ರವಾರ ಅವಳು ಮದ್ದು ತುಂಬಿದಳು. ಮುಖದಲ್ಲಿ ಮಾತ್ರ ನಂಬಿಕೆ ಇಲ್ಲ.

ಶನಿವಾರ ಮಡಚುವ ಕುರ್ಚಿಯ ಮೇಲೆ, ತಲೆಯ ಸೆರಗಿನ ಮೇಲೆಯೇ ಕಿವಿಮುಚ್ಚಳ ಹಾಕಿಕೊಂಡು ಕುಳಿತೆ. ದೂರದ ಗುರಿ ನನ್ನ ಕಣ್ಣಿಗೆಲ್ಲಿ ಕಾಣಬೇಕು? ಚಿಲಕ ಹಾಕುವ ಅವಳ ಬಲಗೈಯನ್ನೇ ನೋಡುತ್ತಿದ್ದೆ. ಒಮ್ಮೆಯಾದರೂ ಅದು ತಡವರಿಸಲಿಲ್ಲ. ಕೊನೆಯ ಕಾಗದ ತಂದು ತೋರಿಸಿದರು: ನಟ್ಟನಡುವೆ ತೂತಿನ ಮೇಲೆ ತೂತು, ನನ್ನ ಕುಂಕುಮದಷ್ಟು ಅಗಲ. ಮೊದಲ ಸ್ಥಾನ! ತಂಡದ ಜಾಗ ನನ್ನ ಮೊಮ್ಮಗಳದು!

ಅವಳು ಓಡಿಬಂದು ಮುದುಕನಿಗೆ, “ಓಕೆ, ಓಕೆ, ಯು ವರ್ ರೈಟ್,” ಎಂದಳು. ಅವನು ನನ್ನತ್ತ ಬೆರಳು ತೋರಿಸಿದ. ನಾನು ಅಷ್ಟು ಜನರ ನಡುವೆಯೇ ಅವಳ ಕೆನ್ನೆ ನೀವಿ, ನನ್ನ ಕಣತಲೆಗೆ ಬೆರಳೊತ್ತಿ ಲಟಿಕೆ ಮುರಿದು ದೃಷ್ಟಿ ತೆಗೆದೆ. ಮುದುಕ ಇದೇನೆಂದು ಕೇಳಿದ; ಅವಳು ಹೇಳಿದಳು. ತನಗೂ ಬೇಕೆಂದು ಟೋಪಿ ತೆಗೆದು ತಲೆಬಗ್ಗಿಸಿ ನಿಂತ. ಅವನಿಗೂ ತೆಗೆದೆ. ಹತ್ತೂ ಬೆರಳು ಲಟಲಟ ಅಂದವು.