ಓಡುವಾಗ ಹೇಳುವ ಏಳು ಮಾತು

ಬೆಳಿಗ್ಗೆ ಏಳೂವರೆಗೆ, ಆಳುಗಳು ತಮ್ಮ ಲೈನ್ ಮನೆಗಳಿಂದ ಹೊರಡುವ ಮೊದಲೇ, ಪಾರ್ವತಕ್ಕ ಕಾಫಿ ಗಿಡಗಳ ಎದುರು ನಿಂತು ಅಸ್ಸಾಮಿ ಭಾಷೆಯಲ್ಲಿ ಕೂಗುತ್ತಿದ್ದರು. ಕೈಯಲ್ಲಿ ಮೊಬೈಲು, ಕಂಕುಳಲ್ಲಿ ಹಾಜರಿ ಪುಸ್ತಕ, ತಲೆಗೆ ಸುತ್ತಿದ ಮಫ್ಲರ್. ಒಂದು ಮಾತು ಕೂಗುವುದು, ಮೊಬೈಲು ಒತ್ತಿ ಸರಿ ಉತ್ತರ ಕೇಳುವುದು, ತಪ್ಪಿದ್ದರೆ ಮೊಬೈಲಿಗೇ ಎರಡು ಬೈದು ಮತ್ತೆ ಕೂಗುವುದು. ಬೇಲಿಯ ಈಚೆ ಹಲ್ಲುಜ್ಜುತ್ತ ನಿಂತಿರುತ್ತಿದ್ದ ನನಗೆ ಅದು ದಿನದ ಮೊದಲ ಮನರಂಜನೆ.

ನಮ್ಮ ಮನೆಗೆ ತಾಗಿದ ಎಸ್ಟೇಟಿನಲ್ಲಿ ಅವರು ರೈಟರ್. ಹಾಜರಿ ಹಾಕಿ, ಕೆಲಸ ಹಂಚಿ, ಸಂಜೆಯವರೆಗೆ ಆಳುಗಳ ಬೆನ್ನಿಗೇ ಇರುವ ಕೆಲಸ. ಕನ್ನಡ, ಅರೆಭಾಷೆ, ಕೊಡವ ತಕ್ಕ್, ತಮಿಳು, ಮಲಯಾಳ ಎಲ್ಲದರಲ್ಲೂ ಗದರಿಸಬಲ್ಲವರು. ಆದರೆ ಒಂದು ವರ್ಷ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗಿಗೆ ಅಸ್ಸಾಮಿನಿಂದ ಮೂವತ್ತು ಜನ ಬಂದರು. ಅವರಿಗೆ ಇವರ ಒಂದು ಮಾತೂ ತಿಳಿಯದು, ಇವರಿಗೆ ಅವರದ್ದು ತಿಳಿಯದು. ಒಂದು ಭಾನುವಾರ ಪಾರ್ವತಕ್ಕ ನೇರ ನಮ್ಮ ಜಗಲಿಗೆ ಬಂದು ಕೂತರು.

"ಸಾರ್, ನಿಮ್ಮ ಕಾಲೇಜಿನ ಮಕ್ಕಳು ಮೊಬೈಲಲ್ಲಿ ಎಂತದೋ ಕಾರ್ಡ್ ತಿರುಗಿಸಿ ಓದ್ತಾರಂತೆ. ನಂಗೂ ಅದು ಬೇಕು. ತೋಟಕ್ಕೆ ಆನೆ ಬರ್ತದೆ, ನಾ ಕೂಗಿದ್ದು ಈ ಜನಕ್ಕೆ ಗೊತ್ತಾಗುದಿಲ್ಲ. ನನ್ನ ಹಾಜರಿಯಲ್ಲಿ ಇರುವವ್ರು ಒಬ್ರೂ ಆನೆ ಕಾಲಿಗೆ ಸಿಗ್ಬಾರ್ದು."

ಇಷ್ಟು ಸ್ಪಷ್ಟವಾಗಿ ಹೇಳಿದ್ದರು. ಕೇಳಿಸಿಕೊಳ್ಳಬೇಕಾದ ನಾನು ಕೇಳಿಸಿಕೊಳ್ಳಲಿಲ್ಲ. ನಾನು ಲೈಬ್ರೇರಿಯನ್. ಪುಸ್ತಕಗಳ ಬೆನ್ನಿಗೆ ನಂಬರು ಅಂಟಿಸುತ್ತ ಇಪ್ಪತ್ತೆರಡು ವರ್ಷ ಸವೆಸಿದವನು, ವಿಂಗಡಿಸು ಎಂದರೆ ಕೈ ತುರಿಸುತ್ತದೆ. ಕಾರ್ಡಿನ ಮುಂದೆ ಕನ್ನಡದ ಮಾತು ಪಾರ್ವತಕ್ಕನ ಸ್ವರದಲ್ಲಿ, ಹಿಂದೆ ಅದೇ ಮಾತು ಅಸ್ಸಾಮಿನ ರೂಪಾಲಿಯ ಸ್ವರದಲ್ಲಿ. ರೂಪಾಲಿ ಆ ತಂಡದಲ್ಲಿ ಸ್ವಲ್ಪ ಹಿಂದಿ ಬಲ್ಲ ಹೆಂಗಸು. ಚೆನ್ನಾಗಿ ಗೊತ್ತಿರುವ ಕಾರ್ಡನ್ನು ಮೊಬೈಲಿನ ಆ ಸಾಫ್ಟ್‌ವೇರ್ ಎಷ್ಟೋ ದಿನ ಬಿಟ್ಟು ಕೇಳುತ್ತದೆ, ಮರೆತದ್ದನ್ನು ಬೇಗ ಮತ್ತೆ ಕೇಳುತ್ತದೆ. ಇನ್ನೂರು ಕಾರ್ಡು ಮಾಡಿ ಒಂದೊಂದಕ್ಕೂ ಲೇಬಲ್ ಹಚ್ಚಿದೆ: ಹಣ್ಣು, ಬಣ್ಣ, ಸಂಬಂಧ, ಸಂಖ್ಯೆ, ಪ್ರಾಣಿ. ಹೆಮ್ಮೆಯಿಂದ ಹೆಂಡತಿಗೂ ತೋರಿಸಿದೆ.

ಎರಡು ವಾರದಲ್ಲಿ ಪಾರ್ವತಕ್ಕ ಅಷ್ಟನ್ನೂ ನುಂಗಿ ನೀರು ಕುಡಿದರು. "ಬಣ್ಣ ಪೂರಾ ಬಾಯಿಪಾಠ ಸಾರ್. ಈ ನೇರಳೆ ಬಣ್ಣ ಮಾತ್ರ ಯಾರಿಗೆ ಹೇಳುದು ಅಂತ ಗೊತ್ತಾಗ್ಲಿಲ್ಲ" ಅಂದರು. ನಾನು ನಕ್ಕೆ. ಅವರು ನಗಲಿಲ್ಲ.

ಜನವರಿಯಲ್ಲಿ ಕೆರೆಯ ಪಕ್ಕದ ತೋಟದ ತುಂಡಿನಲ್ಲಿ ಎಂಟು ಹೆಂಗಸರು ಹಣ್ಣು ಕೊಯ್ಯುತ್ತಿದ್ದಾಗ ಒಂಟಿ ಸಲಗ ಬಂತು. ಮೊದಲು ಕಂಡದ್ದು ಪಾರ್ವತಕ್ಕನಿಗೆ. ಪ್ರಾಣಿಗಳ ಲೇಬಲಿನ ಮೊದಲ ಕಾರ್ಡು ಥಟ್ಟನೆ ಬಾಯಿಗೆ ಬಂತು. "ಹಾತಿ! ಹಾತಿ!" ಎಂದು ಕೂಗಿದರು. ಉಚ್ಚಾರ ಸೊಗಸಾಗಿತ್ತಂತೆ. ಎಂಟೂ ಜನ ಕೊಯ್ಯುವುದು ಬಿಟ್ಟು ನೆಟ್ಟಗೆ ನಿಂತು, ಎಲ್ಲಿ ಎಂದು ಸುತ್ತ ನೋಡಿದರು. ರೂಪಾಲಿಯಂತೂ ಆನೆ ಕಾಣಲಿಲ್ಲವೆಂದು ನಾಲ್ಕು ಹೆಜ್ಜೆ ಮುಂದೆಯೇ ಹೋದಳು. ಗಿಡ ಮುರಿದು ಬಂದ ಆನೆ ಅವಳನ್ನು ಪಕ್ಕಕ್ಕೆ ಕೆಡವಿ, ಅವಳ ಹಣ್ಣಿನ ಚೀಲ ಎಳೆದುಕೊಂಡು ಕೆರೆಗೆ ಇಳಿಯಿತು. ಅವಳ ಭುಜದ ಎಲುಬು ಮುರಿಯಿತು, ಜೀವ ಉಳಿಯಿತು.

ಅವಳನ್ನು ಆಸ್ಪತ್ರೆಗೆ ಸೇರಿಸಿ ಸಂಜೆ ಪಾರ್ವತಕ್ಕ ನಮ್ಮಲ್ಲಿಗೆ ಬಂದರು.

"ಆನೆ ಹೆಸರು ಹೇಳಿದ್ರೆ ಜನ ಆನೆ ನೋಡ್ತಾರೆ ಸಾರ್! ಎಂತ ಬಂತು ಅಂತ ಹೇಳುದಲ್ಲ, ಎತ್ಲಾಗಿ ಓಡ್ಬೇಕು ಅಂತ ಹೇಳುದು. ಅದು ನಿಮ್ಮ ಯಾವ ಡಬ್ಬಿಯಲ್ಲಿ ಉಂಟು?"

ಯಾವ ಡಬ್ಬಿಯಲ್ಲೂ ಇರಲಿಲ್ಲ. ನನಗೆ ಆವತ್ತು ಆದಷ್ಟು ನಾಚಿಕೆ ಮತ್ತೆಂದೂ ಆಗಿಲ್ಲ. ಅವರು ಮೊದಲೇ ಕೇಳಿದ್ದನ್ನು ಬಿಟ್ಟು ಅವರಿಗೆ ದಾಳಿಂಬೆ, ಅನಾನಸು ಕಲಿಸಿದ್ದೆ.

ನನ್ನ ಲೇಬಲುಗಳನ್ನೆಲ್ಲ ಅವರೇ ಕೂತು ತೆಗೆಸಿದರು. ಅದರ ಬದಲು ಮೂರೇ ಮೂರು ಹಾಕಿಸಿದರು: ಓಡುವಾಗ, ನಿಂತಾಗ, ಕೂತಾಗ. ಪ್ರತಿ ಕಾರ್ಡಿಗೂ ಒಂದೇ ಪ್ರಶ್ನೆ, "ಇದನ್ನು ಹೇಳುವಾಗ ನಂಗೆ ಎಷ್ಟು ಉಸಿರು ಇರ್ತದೆ?" ನೇರಳೆ ಬಣ್ಣ ಚಹಾದ ಹೊತ್ತಿನ ಸೀರೆ ಮಾತಿಗೆಂದು 'ಕೂತಾಗ'ಕ್ಕೆ ಹೋಯಿತು. ಕುಕ್ಕೆ, ಏಣಿ, ಕತ್ತಿ 'ನಿಂತಾಗ'ಕ್ಕೆ. 'ಓಡುವಾಗ' ಎಂಬುದರಲ್ಲಿ ಉಳಿದದ್ದು ಏಳೇ ಕಾರ್ಡು, ಒಂದರಲ್ಲೂ ಪ್ರಾಣಿಯ ಹೆಸರಿಲ್ಲ. ಮೊದಲನೆಯದು "ಇತ್ಲಾಗಿ ಬನ್ನಿ", ಅದರ ಹಿಂದೆ "ಇಯಾಲೋಯ್ ಆಹಾ". ಎಡ, ಬಲ ಸೇರಿಸೋಣವೇ ಎಂದೆ. "ಎದುರು ನಿಂತವ್ರಿಗೆ ನನ್ನ ಎಡ ಅವ್ರ ಬಲ. ಅದೆಲ್ಲ ಬೇಡ, ನನ್ನ ಸ್ವರ ಇದ್ದ ಕಡೆ ಬಂದ್ರೆ ಸಾಕು. ಕೂಗುವ ಮೊದ್ಲು ನಾನು ಸರಿಯಾದ ಜಾಗದಲ್ಲಿ ನಿಂತಿರ್ಬೇಕು, ಅಷ್ಟೆ" ಅಂದರು.

ಕೊನೆಗೂ ಒಂದು ಜಗಳ ಉಳಿಯಿತು. ಚೆನ್ನಾಗಿ ಬರುವ ಕಾರ್ಡು ಇನ್ನು ನಾಲ್ಕು ತಿಂಗಳ ಮೇಲೆ ಬರುತ್ತದೆ, ಅದೇ ಈ ಸಾಫ್ಟ್‌ವೇರಿನ ಜಾಣತನ ಎಂದು ವಿವರಿಸಿದೆ. "ಆನೆ ನಾಲ್ಕು ತಿಂಗಳು ಕಾಯ್ತದಾ ಮಾರಾಯ್ರೆ? ಈ ಏಳು ಮಾತ್ರ ನಾಳೆಯಿಂದ ಆಚೆ ಹೋಗ್ಬಾರ್ದು." ಆ ಏಳನ್ನು ಬೇರೆ ಮಾಡಿ, ಒಂದೇ ದಿನದ ಗಡುವು ಹಾಕಿಕೊಟ್ಟೆ. ಅಂದಿನಿಂದ ಶುರುವಾದದ್ದು ಆ ಏಳೂವರೆಯ ಕೂಗು.

ಮುಂದಿನ ಮೂರು ವರ್ಷ, ಅವರ ಹಾಜರಿಯಲ್ಲಿದ್ದ ಒಬ್ಬರಿಗೂ ಆನೆಯಿಂದ ಏನೂ ಆಗಲಿಲ್ಲ. ಆಮೇಲೆ ಎದೆ ನೋವು ಕಾಣಿಸಿಕೊಂಡು ನಾಪೋಕ್ಲಿನ ಮಗಳ ಮನೆಗೆ ಹೋದರು. ಹೋಗುವಾಗ ಹಾಜರಿ ಪುಸ್ತಕವನ್ನೂ ಕಾರ್ಡುಗಳನ್ನೂ ರೂಪಾಲಿಗೆ ಒಪ್ಪಿಸಿದರು. ಅವಳು ಊರಿಗೆ ಹಿಂತಿರುಗದೆ ಇಲ್ಲೇ ನಿಂತಿದ್ದಳು. ಅದೇ ಕಾರ್ಡುಗಳನ್ನು ಹಿಂದುಮುಂದು ಮಾಡಿಕೊಂಡು ಕನ್ನಡ ಕಲಿತಳು.

ಹೋದ ನವೆಂಬರಿನಲ್ಲಿ ಒಂದು ಬೆಳಿಗ್ಗೆ ಬಸ್ಸಿಗೆ ತಡವಾಯಿತೆಂದು ನಾನು ತೋಟದ ಒಳದಾರಿ ಹಿಡಿದಿದ್ದೆ. "ಇತ್ಲಾಗಿ ಬನ್ನಿ!" ಎಂದು ಒಂದು ಸ್ವರ ಕೇಳಿತು. 'ಲಾ' ಎಂಬಲ್ಲಿ ಪಾರ್ವತಕ್ಕ ಎಳೆಯುವ ಹಾಗೇ ಎಳೆದ ಸ್ವರ. ಏಕೆ, ಏನು ಎಂದು ಕೇಳಲು ನನಗೆ ತೋಚಲೇ ಇಲ್ಲ. ಬುತ್ತಿ ಚೀಲ ಬಿಟ್ಟು, ಒಂದು ಚಪ್ಪಲಿಯನ್ನೂ ಬಿಟ್ಟು, ಸ್ವರವಿದ್ದ ಕಡೆ ಓಡಿದೆ. ಆನೆ ತಡೆಯಲು ತೋಡಿದ ಕಂದಕವನ್ನು ಹಲಗೆಯ ಮೇಲೆ ದಾಟಿ, ಓಡಿ ಹೋಗಿ ನಿಂತದ್ದು ಅದರ ಆಚೆ, ರೂಪಾಲಿಯ ಪಕ್ಕ. ಅವಳು ಬೆರಳು ತೋರಿಸಿದ ಮೇಲೆಯೇ ಹಿಂದಕ್ಕೆ ನೋಡಿದ್ದು. ನಾನು ಬಿಟ್ಟು ಬಂದ ಬುತ್ತಿಯನ್ನು ಆನೆ ಮೂಸುತ್ತಿತ್ತು.

ಆ ಭಾನುವಾರ ನಾಪೋಕ್ಲಿಗೆ ಹೋದೆ. ಪಾರ್ವತಕ್ಕ ಮಂಚ ಬಿಟ್ಟು ಏಳುತ್ತಿರಲಿಲ್ಲ. ಸ್ವರ ಪೂರ್ತಿ ಇಳಿದಿತ್ತು, ಮೂರು ಎಕರೆ ದಾಟುತ್ತಿದ್ದ ಆ ಸ್ವರ ಕೇಳಲು ನಾನು ಬಗ್ಗಬೇಕಾಯಿತು. ನಡೆದದ್ದನ್ನೆಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ.

"ತಿರುಗಿ ನೋಡಿದ್ರಾ?"

"ಇಲ್ಲ ಪಾರ್ವತಕ್ಕ. ನೇರ ಓಡಿದೆ."

ಕಣ್ಣು ಮುಚ್ಚಿಕೊಂಡು ನಕ್ಕರು. "ಹಾಗಾದ್ರೆ ರೂಪಾಲಿಗೆ ಆ ಮಾತು ಬಂತು" ಅಂದರು. ಮತ್ತೆ ಕಣ್ಣು ತೆರೆದು, "ಆದ್ರೂ ಮೊಬೈಲಿಗೆ ನಾಳೆ ಪುನಃ ಕೇಳ್ಲಿಕ್ಕೆ ಹೇಳಿ" ಅಂದರು.

ಅವರು ಡಿಸೆಂಬರ್ ನೋಡಲಿಲ್ಲ. ಈಗ ಆ ಏಳು ಕಾರ್ಡು ನನ್ನ ಮೊಬೈಲಿನಲ್ಲೂ ಇವೆ. ಬೆಳಿಗ್ಗೆ ಬೇಲಿಯ ಆಚೆ ರೂಪಾಲಿ ಕೂಗುವಾಗ ನಾನು ಈಚೆ ನಿಂತು ಮೊಬೈಲು ಒತ್ತುತ್ತೇನೆ. ಪಾರ್ವತಕ್ಕನ ಸ್ವರ ಇತ್ಲಾಗಿ ಬನ್ನಿ ಎನ್ನುತ್ತದೆ, ನಾನು ಉತ್ತರ ಹೇಳುತ್ತೇನೆ, ಸರಿ ಎಂದು ಒತ್ತುತ್ತೇನೆ. ಈ ಕಾರ್ಡು ಮತ್ತೆ ಯಾವಾಗ ಎಂಬಲ್ಲಿ ಮೊಬೈಲು ದಿನವೂ ಒಂದೇ ಮಾತು ತೋರಿಸುತ್ತದೆ: ನಾಳೆ.