ಬೆರಳಿಗೆ ಗೊತ್ತಾದ ಬಾರಿಹಣ್ಣು

ಕೆಂಪು, ಹಸಿರು ನನ್ನ ಕಣ್ಣಿಗೆ ಬೇರೆಯಾಗಿ ಕಾಣುವುದಿಲ್ಲ. ಅದು ಗೊತ್ತಾದದ್ದು ಡ್ರೈವರ್ ಕೆಲಸಕ್ಕೆಂದು ಕಣ್ಣು ತೋರಿಸಿದಾಗ. ಕೆಲಸ ತಪ್ಪಿತು. ಕಾರಣ ಯಾರಿಗೂ ಹೇಳದೆ ಮುಳಗುಂದದ ಚಿಗವ್ವನ ಮನೆಗೆ ಬಂದು ಉಳಿದೆ.

ಚಿಗವ್ವ ಚಳಿಗಾಲದಲ್ಲಿ ಹೊಲದ ಬದುವಿನ ಮುಳ್ಳುಕಂಟಿಗಳಿಂದ ಬಾರಿ, ಅಂದರೆ ಬೋರೆ ಹಣ್ಣು, ಪರಗಿ ಹಣ್ಣು ಬಿಡಿಸಿ ಲಕ್ಷ್ಮೇಶ್ವರದ ಸಂತೆಯಲ್ಲಿ ಮಾರುತ್ತಿದ್ದಳು. ಆ ವರ್ಷ ಅವಳ ಮೊಣಕಾಲು ಬಾತಿತ್ತು, ನಾನೇ ಹೋದೆ. ನಾನು ತಂದ ಬುಟ್ಟಿ ನೋಡಿ ಚಿಗವ್ವ ಹಣೆ ಬಡಿದುಕೊಂಡಳು.

“ಅರ್ಧಕ್ಕರ್ಧ ಕಾಯಿನ ಅದಾವಲ್ಲೋ! ಜವಾರಿ ಬಾರಿ, ತ್ವಾಟದ ಬಾರಿ, ಪರಗಿ, ಎಲ್ಲಾ ಕಲಸಿ ತಂದೀಯಲ್ಲ!”

“ನನಗ ಬಣ್ಣ ತಿಳಿಯಂಗಿಲ್ಲ ಚಿಗವ್ವ.”

ಅವಳು ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. “ಹಂಗಾರ ಬಿಡು ತಮ್ಮಾ. ಬ್ಯಾರೆ ಯಾರನ್ನರ ಕಳಸ್ತೀನಿ” ಎಂದಳು, ಬಹಳ ಮೆತ್ತಗೆ. ಕೆಲಸ ತಪ್ಪಿದಾಗ ಬಾರದ ಸಿಟ್ಟು ಆ ಮೆತ್ತನೆಯ ಮಾತಿಗೆ ಬಂತು.

“ಬ್ಯಾಡ. ನಾನ ಹೋಗಾಂವ. ಗುರುತು ಹೆಂಗ ಹಿಡೀಬೇಕು, ಅದನ್ನ ಹೇಳು.”

ಮರುದಿನ ಕುಂಟುತ್ತಲೇ ಬದುವಿಗೆ ಬಂದಳು. “ಕಣ್ಣು ಮುಚ್ಚು. ಅರಿವಿ ಹಿಡದು ಜಗ್ಗತೈತಲ್ಲ, ಬೆಕ್ಕಿನ ಉಗುರಿನಂಥ ಮುಳ್ಳು, ಅದು ಪರಗಿ. ಹಣ್ಣು ಕಡ್ಲಿಯಷ್ಟ. ಎಲಿ ದುಂಡಗ, ಹಿಂದ ಸವರಿದ್ರ ಉಣ್ಣೆಯಂಗ ಮೆತ್ತಗ ಇದ್ರ ಜವಾರಿ ಬಾರಿ. ತ್ವಾಟದ್ದರ ಹಣ್ಣು ಉದ್ದಕ, ದೊಡ್ಡದು. ಹಣ್ಣಾಗಿದ್ರ ತುಸು ತಿರುವಿದ್ರ ಸಾಕು, ಕೈಗೆ ಬರತೈತಿ. ಕಾಯಿ ತೊಟ್ಟು ಬಿಡಂಗಿಲ್ಲ.”

ಹೇಳಿದಷ್ಟು ಸುಲಭವಿರಲಿಲ್ಲ. ಮುಂಗೈಯೆಲ್ಲ ಗೀರು. ಮೊದಲ ವಾರ ದಿನವೂ ಒಂದು ಸೇರು ಕಾಯಿ ಕುರಿಗಳ ಪಾಲಾಯಿತು. ಸಂಶಯ ಬಂದದ್ದನ್ನೆಲ್ಲ ಕಚ್ಚಿ ನೋಡಿ ಹಲ್ಲು ಜುಮ್ಮೆನ್ನುತ್ತಿತ್ತು. ಬಿಡಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಮೂರು ಬುಟ್ಟಿ ಬೇರೆಬೇರೆಯಾಗಿ ತುಂಬಿ ಚಿಗವ್ವನ ಮುಂದಿಟ್ಟೆ. ಅವಳು ಒಂದೊಂದರಲ್ಲೂ ಕೈಯಾಡಿಸಿ ಒಟ್ಟು ನಾಲ್ಕು ಕಾಯಿ ಹೆಕ್ಕಿ ಎಸೆದಳು.

“ಬರೇ ನಾಕ?” ಎಂದೆ, ನಂಬಿಕೆ ಬಾರದೆ.

“ನಾ ಬಿಡಿಸಿದ್ರೂ ಅಷ್ಟು ಬರತಾವ. ನಡಿ, ಬಸ್ಸಿಗೆ ಹೊತ್ತಾತು.”

ಸಂತೆಯಲ್ಲಿ ಶಿರಹಟ್ಟಿಯ ಒಬ್ಬ ಹೆಂಗಸು ಬುಟ್ಟಿಗಳನ್ನು ನೋಡಿ, “ಆರಿಸಿದವರು ಯಾರವ್ವ? ಛಲೋ ಆರಿಸ್ಯಾರ” ಎಂದಳು. ಚಿಗವ್ವ ನನ್ನತ್ತ ಕೈ ತೋರಿಸಿದಳು. ಬಣ್ಣದ ಮಾತು ಎತ್ತಲಿಲ್ಲ.

ಈಗ ಮುಂಡರಗಿ ದಾರಿಯಲ್ಲಿ ನನ್ನದೊಂದು ಸಣ್ಣ ಸಸಿತೋಟವಿದೆ. ಜವಾರಿ ಬಾರಿಯ ಗಿಡಕ್ಕೆ ತೋಟದ ಬಾರಿಯ ಕಸಿ ಕಟ್ಟುತ್ತೇನೆ. ಕಸಿ ಹಿಡಿಯಿತೋ ಇಲ್ಲವೋ ಎಂದು ಚಿಗುರು ಮುಟ್ಟಿಯೇ ತಿಳಿಯುತ್ತೇನೆ. ಈ ಸಲ ಕಟ್ಟಿದ್ದರಲ್ಲಿ ಅರ್ಧ ಒಣಗಿದವು. ಅವನ್ನು ಕಿತ್ತು ಮತ್ತೆ ಕಟ್ಟುತ್ತಿದ್ದೇನೆ.