ಮೇಷ್ಟ್ರ ಮಾರಾಟದ ದೋಣಿ

ಗ್ರೀಸಿನ ಬಂದರೂರು ಗಲಾಕ್ಸಿದಿಯ ನಮ್ಮ ಅರ್ಥಶಾಸ್ತ್ರದ ಮೇಷ್ಟ್ರು ಸ್ತಮಾಟಿಸ್, "ಒಳ್ಳೆ ಬೆಲೆ ಬಂದ್ರೆ ಮನುಷ್ಯ ಏನ್ ಬೇಕಾದ್ರೂ ಮಾರ್ತಾನೆ" ಎಂದು ಬೆಳಿಗ್ಗೆ ಪಾಠ ಮಾಡಿ, ಸಂಜೆ ಬಂದರಿಗೆ ಹೋಗಿ ತಮ್ಮ ಹಳೆಯ ನೀಲಿ ದೋಣಿಯನ್ನು ಮಾರದೆ ಬರುತ್ತಾರೆ. ಮನೆಯ ಸೋರುವ ಸೂರಿನ ರಿಪೇರಿಗೆ ಅದನ್ನು ಮಾರಲೇಬೇಕು. ಕೇಳಿದಷ್ಟು ಕೊಡುತ್ತೇನೆ ಎಂದವನಿಗೆ ಬೆಲೆ ಏರಿಸುತ್ತಾರೆ, ಅದಕ್ಕೂ ಒಪ್ಪಿದರೆ, ದೋಣಿಯ ಮೈ ಸವರುತ್ತಾ, "ದಿನಾ ಮಾತಾಡಿಸ್ದಿದ್ರೆ ಇವ್ಳಿಗೆ ಬೇಜಾರಾಗತ್ತೆ, ನಿಮ್ ಕೈಲಾಗತ್ತಾ?" ಎನ್ನುತ್ತಾರೆ. "ಗಿರಾಕಿ ಸರಿಯಿರ್ಲಿಲ್ಲ ಕಣೇ" ಎಂದು ಮನೆಗೆ ಬಂದರೆ ಹೆಂಡತಿ ಇವಾಂಥಿಯಾ, "ಮಳೆ ಬಂದಾಗ ಆ ದೋಣೀಲೇ ಮಲಗೋಣ ಬಿಡು ಮಾರಾಯ" ಎಂದು ಗದರುತ್ತಾರೆ. ಪ್ರತಿವರ್ಷ ಈಸ್ಟರ್‌ಗೆ ಮುಂಚೆ ಮೇಷ್ಟ್ರು ದೋಣಿಗೂ 'ಮಾರಾಟಕ್ಕಿದೆ' ಎಂಬ ಹಲಗೆಗೂ ಹೊಸ ಬಣ್ಣ ಬಳಿದು, ಹಲಗೆಯನ್ನು ದಡದವರಿಗೆ ಕಾಣುವಂತೆ ಕಟ್ಟಿ ಕಾಫಿಗೆ ಹೋಗುತ್ತಾರೆ. ಆಗ, ಸೂರಿನಡಿ ಪಾತ್ರೆ ಇಟ್ಟಿಟ್ಟು ಸಾಕಾದ ಇವಾಂಥಿಯಾನೇ ಬಂದು, ಆ ಹಲಗೆಯನ್ನು ದಡದವರಿಗೆ ಕಾಣದಂತೆ ಮೆಲ್ಲಗೆ ಸಮುದ್ರದ ಕಡೆಗೆ ತಿರುಗಿಸಿ ಕಟ್ಟುತ್ತಾರೆ.